ಒಂದೂವರೆ ವರ್ಷವಾದರೂ ಮಾಯದ ಕೈಹುಣ್ಣು: ಟಿಬಿಯೋ, ಫಂಗಸ್ಸೋ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ. ಅಪ್ಪಯ್ಯನಿಗೆ 61 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಾರೆ. ಒಂದೂವರೆ ವರ್ಷದ ಹಿಂದೆ ಬೆಟ್ಟದಿಂದ ಸೊಪ್ಪು ತರುವಾಗ ಬಲ ಅಂಗೈಯ ಹಿಂಭಾಗಕ್ಕೆ ಮುಳ್ಳು ಚುಚ್ಚಿತ್ತು. ಅಲ್ಲಿ ಗುಳ್ಳೆಯಾಗಿ, ಒಡೆದು ಹುಣ್ಣಾಯಿತು. ಈಗ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ನಾಲ್ಕು ಗಂಟುಗಳಿವೆ. ನೋವು ಅಷ್ಟಾಗಿ ಇಲ್ಲ, ಜ್ವರ ಇಲ್ಲ. ಆ್ಯಂಟಿಬಯೋಟಿಕ್ ಮಾತ್ರೆ, ಮುಲಾಮು ಎಲ್ಲ ಆಯಿತು. ಬಯಾಪ್ಸಿ ವರದಿಯಲ್ಲಿ ‘ಗ್ರಾನುಲೋಮಾ ಇದೆ, ರೋಗಾಣು ಕಂಡಿಲ್ಲ’ ಎಂದು ಬಂದಿದೆ. ಒಬ್ಬ ವೈದ್ಯರು ಟಿಬಿ ಮಾತ್ರೆ ಶುರು ಮಾಡಿ ನೋಡೋಣ ಅಂತಾರೆ. ಇನ್ನೊಬ್ಬರು ಫಂಗಸ್ ಇರಬಹುದು ಅಂತಾರೆ. ಇದು ನಮ್ಮ ಕಡೆ ಇರುವ ಕಾಯಿಲೆಯೇ? ಅಡಿಕೆಯ ಕೊಳೆರೋಗಕ್ಕೂ ಇದಕ್ಕೂ ಸಂಬಂಧ ಇದೆಯೇ? ಮನೆಯ ಮಕ್ಕಳಿಗೆ ಹರಡುತ್ತದೆಯೇ? ನಮ್ಮ ತೋಟದ ಕೆಲಸಕ್ಕೆ ಬರುವ ಒಬ್ಬರ ಪಾದದ ಮೇಲೆ ಏಳೆಂಟು ವರ್ಷದಿಂದ ಹೂಕೋಸಿನ ಹಾಗೆ ಬೆಳೆದಿದೆ. ಅದೂ ಇದೇನಾ?

ಉತ್ತರ: ಟಿಬಿ ಮಾತ್ರೆ ಶುರು ಮಾಡುವ ಮೊದಲು ಇನ್ನೊಂದು ಬಯಾಪ್ಸಿ ಮಾಡಿಸಿ. ಈ ಸಲ ತೆಗೆದ ತುಂಡನ್ನು ಎರಡು ಭಾಗ ಮಾಡಬೇಕು. ಒಂದು ಭಾಗ ಫಾರ್ಮಾಲಿನ್‌ನಲ್ಲಿ ಪೆಥಾಲಜಿ ವಿಭಾಗಕ್ಕೆ ಹೋಗಲಿ. ಇನ್ನೊಂದು ಭಾಗ ಬರೀ ಸಲೈನ್‌ನಲ್ಲಿ ಮೈಕ್ರೋಬಯಾಲಜಿ ವಿಭಾಗಕ್ಕೆ, ಕಲ್ಚರ್‌ಗೆ ಹೋಗಲಿ. ನಿಮ್ಮ ಇಡೀ ಪತ್ರಕ್ಕೆ ನಾನು ಒಂದೇ ಮಾತಿನಲ್ಲಿ ಉತ್ತರ ಕೊಡಬೇಕಿದ್ದರೆ ಇಷ್ಟೇ ಹೇಳುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ಮುಳ್ಳು ಚುಚ್ಚಿದ ಜಾಗದಲ್ಲಿ ಗುಳ್ಳೆ, ಆಮೇಲೆ ಹುಣ್ಣು, ಆಮೇಲೆ ಕೈಯುದ್ದಕ್ಕೂ ಮೇಲ್ಮುಖವಾಗಿ ಸಾಲು ಗಂಟು. ಜ್ವರ ಇಲ್ಲ, ನೋವು ಕಡಿಮೆ, ಆ್ಯಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಈ ಚಿತ್ರಕ್ಕೆ ಮೊದಲು ನೆನಪಾಗಬೇಕಾದ ಹೆಸರು ಸ್ಪೋರೋಟ್ರೈಕೋಸಿಸ್. ಸ್ಪೋರೋಥ್ರಿಕ್ಸ್ ಎಂಬ ಫಂಗಸ್ ತರುವ ಸೋಂಕು ಅದು. ಹುಳುಕಡ್ಡಿ, ಕೆಸರುಹುಣ್ಣು ಬರಿಸುವ ಫಂಗಸ್‌ಗಳು ಚರ್ಮದ ಮೇಲ್ಪದರದಲ್ಲೇ ಉಳಿಯುತ್ತವೆ. ಇದು ಹಾಗಲ್ಲ. ಮಣ್ಣಿನಲ್ಲಿ, ಕೊಳೆಯುವ ಎಲೆಯಲ್ಲಿ, ಹಸಿ ಮರದಲ್ಲಿ, ಮುಳ್ಳಿನ ಮೇಲೆ ಇರುತ್ತದೆ. ಮುಳ್ಳಿನ ಜೊತೆಗೇ ಚರ್ಮದ ಒಳಪದರಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಕೆಲವು ವಾರದ ನಂತರ ಗುಳ್ಳೆ ಏಳುತ್ತದೆ. ಅಲ್ಲಿಂದ ದುಗ್ಧನಾಳ (ಲಿಂಫ್ ನಾಳ) ಹಿಡಿದು ಮೇಲೆ ಏರುತ್ತದೆ. ನಿಮ್ಮ ತಂದೆಯವರ ಕೈಯಲ್ಲಿ ಗಂಟುಗಳು ಸಾಲಾಗಿ ಇರುವುದು ಅದಕ್ಕೇ. ಕೆಲವರಲ್ಲಿ ಹೀಗೆ ಏರುವುದೇ ಇಲ್ಲ. ಚುಚ್ಚಿದಲ್ಲೇ ಒಂದು ಹಕ್ಕಳೆ ಕಟ್ಟಿದ ಹುಣ್ಣಾಗಿ ತಿಂಗಳುಗಟ್ಟಲೆ ಕೂರುತ್ತದೆ. ಆಗ ಗುರುತಿಸುವುದು ಇನ್ನೂ ಕಷ್ಟ.

ಹಾಗಾದರೆ ಬಯಾಪ್ಸಿಯಲ್ಲಿ ಯಾಕೆ ಕಾಣಲಿಲ್ಲ? ವರದಿ ತಪ್ಪು ಅಂತ ಅಲ್ಲ. ಸ್ಪೋರೋಟ್ರೈಕೋಸಿಸ್‌ನಲ್ಲಿ ಅಂಗಾಂಶದೊಳಗೆ ಫಂಗಸ್ ತುಂಬಾ ವಿರಳ. ತೆಳುವಾಗಿ ಕತ್ತರಿಸಿದ ಒಂದೆರಡು ಪದರದಲ್ಲಿ ಅದು ಸಿಗದೇ ಹೋಗುವುದೇ ಜಾಸ್ತಿ. ಸಿಗುವುದು ಅದರ ವಿರುದ್ಧ ಶರೀರ ಕಟ್ಟಿಕೊಂಡ ಗ್ರಾನುಲೋಮಾ, ಅಂದರೆ ರಕ್ಷಣಾ ಕೋಶಗಳ ಸಣ್ಣ ಗುಂಪು, ಮಾತ್ರ. ಟಿಬಿಯಲ್ಲೂ ಗ್ರಾನುಲೋಮಾ ಆಗುತ್ತದೆ, ಕುಷ್ಠದಲ್ಲೂ ಆಗುತ್ತದೆ, ಇನ್ನೂ ಹತ್ತಾರು ಕಾಯಿಲೆಗಳಲ್ಲೂ ಆಗುತ್ತದೆ. ಹಾಗಾಗಿ ಆ ವರದಿಯಿಂದ ಟಿಬಿ ಅಂತಲೂ ಹೇಳಲಾಗದು, ಫಂಗಸ್ ಅಲ್ಲ ಅಂತಲೂ ಹೇಳಲಾಗದು.

ಫಂಗಸ್ ಕಣ್ಣಿಗೆ ಬೀಳದಿದ್ದರೂ ಬೆಳೆಸಿ ನೋಡಬಹುದು. ಕಲ್ಚರ್ ಅಂದರೆ ಅದೇ. ಇಲ್ಲಿಯೇ ನಮ್ಮಲ್ಲಿ ಎಡವಟ್ಟಾಗುವುದು. ಫಾರ್ಮಾಲಿನ್ ಎಲ್ಲ ಜೀವಾಣುಗಳನ್ನೂ ಕೊಲ್ಲುತ್ತದೆ. ಇಡೀ ತುಂಡನ್ನು ಅದರಲ್ಲೇ ಹಾಕಿಬಿಟ್ಟರೆ ಕಲ್ಚರ್‌ಗೆ ಏನೂ ಉಳಿಯುವುದಿಲ್ಲ. ಸಣ್ಣ ಆಸ್ಪತ್ರೆಯಲ್ಲಿ ಬಯಾಪ್ಸಿ ಅಂದರೆ ಫಾರ್ಮಾಲಿನ್ ಬಾಟಲಿ ಎಂದೇ ರೂಢಿ. ಅಲ್ಲಿ ಫಂಗಸ್ ಕಲ್ಚರ್ ಸೌಲಭ್ಯ ಇರುವುದೂ ಕಡಿಮೆ. ಹಾಗಾಗಿ ಕೇಳಬೇಕಾದವರು ನೀವೇ. ‘ಸಾರ್, ಒಂದು ತುಂಡು ಸಲೈನ್‌ನಲ್ಲಿ ಕಲ್ಚರ್‌ಗೆ ಕಳಿಸ್ತೀರಾ?’ ಅಂತ ಕೇಳಿ. ಯಾವ ಒಳ್ಳೆಯ ವೈದ್ಯರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಸಲೈನ್ ತುಂಡನ್ನು ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು. ಅಲ್ಲಿ ಸಬುರೋ ಅಗಾರ್ ಎಂಬ ಆಹಾರದ ಮೇಲೆ ಸುಮಾರು 25 ಡಿಗ್ರಿಯಲ್ಲಿ ಇಡುತ್ತಾರೆ. ಸ್ಪೋರೋಥ್ರಿಕ್ಸ್ ಇದ್ದರೆ ಸಾಮಾನ್ಯವಾಗಿ ಒಂದು ವಾರದಿಂದ ಮೂರು ವಾರದೊಳಗೆ ಬೆಳೆದು ಕಾಣಿಸುತ್ತದೆ. ಹೊರಗಿನ ತಂಪಿನಲ್ಲಿ ಅದು ಬೂಷ್ಟಿನ ರೂಪದಲ್ಲಿರುತ್ತದೆ. ಶರೀರದ ಬಿಸಿಗೆ, ಅಂದರೆ 35-37 ಡಿಗ್ರಿಗೆ, ಯೀಸ್ಟ್ ರೂಪಕ್ಕೆ ತಿರುಗುತ್ತದೆ. ಲ್ಯಾಬಿನವರು ಈ ಎರಡು ರೂಪ ನೋಡಿಯೇ ಅದನ್ನು ಖಚಿತ ಮಾಡಿಕೊಳ್ಳುತ್ತಾರೆ.

ಮೊದಲ ಬಯಾಪ್ಸಿಯೂ ವ್ಯರ್ಥವಾಗಿಲ್ಲ. ಆ ತುಂಡನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಅದರಿಂದ ಇನ್ನಷ್ಟು ಆಳದ ಪದರ ಕತ್ತರಿಸಿ, ಪಿಎಎಸ್ ಮತ್ತು ಜಿಎಂಎಸ್ ಎಂಬ ವಿಶೇಷ ಬಣ್ಣ ಹಾಕಿ ಮತ್ತೆ ನೋಡಿ ಎಂದು ಕೇಳಬಹುದು. ಸಾಮಾನ್ಯ ಬಣ್ಣದಲ್ಲಿ ತಪ್ಪಿಸಿಕೊಂಡ ಫಂಗಸ್ ಇವುಗಳಲ್ಲಿ ಸಿಕ್ಕಿಬೀಳುವುದುಂಟು. ಬ್ಲಾಕ್ ಸಂಖ್ಯೆ ವರದಿಯ ಮೇಲೇ ಇರುತ್ತದೆ.

‘ಟಿಬಿ ಮಾತ್ರೆ ಕೊಟ್ಟು ನೋಡೋಣ’ ಎಂಬ ಸಲಹೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕಲ್ಚರ್ ಕಳಿಸದೆ ಬೇಡ. ನಮ್ಮ ದೇಶದಲ್ಲಿ ಚರ್ಮದ ಟಿಬಿ ಇದೆ, ವೈದ್ಯರ ಅನುಮಾನ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಟಿಬಿ ಚಿಕಿತ್ಸೆ ಕನಿಷ್ಠ ಆರು ತಿಂಗಳದ್ದು, ಲಿವರ್ ಮೇಲೆ ಭಾರ ಹಾಕುವಂಥದ್ದು. ಫಂಗಸ್‌ಗೆ ಅದು ಏನೂ ಮಾಡುವುದಿಲ್ಲ. ಹುಣ್ಣು ಒಂದೂವರೆ ವರ್ಷ ಕಾದಿದೆ, ಇನ್ನು ಮೂರು ವಾರ ಕಾದರೆ ನಷ್ಟವಿಲ್ಲ. ತಪ್ಪು ಮಾತ್ರೆಯಲ್ಲಿ ಆರು ತಿಂಗಳು ಹೋದರೆ ಅದು ನಿಜವಾದ ನಷ್ಟ. ಅದೇ ಸಲೈನ್ ತುಂಡಿನಿಂದ ಟಿಬಿ ಕಲ್ಚರ್ ಮತ್ತು ಸಿಬಿನ್ಯಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ) ಪರೀಕ್ಷೆಯನ್ನೂ ಮಾಡಿಸಿ. ಆಗ ಎರಡು ಅನುಮಾನವೂ ಒಟ್ಟಿಗೆ ಪರೀಕ್ಷೆಯಾಗುತ್ತವೆ.

ಈ ಉತ್ತರವನ್ನು ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ ಕಡೆಯವರೂ ಓದುತ್ತಿರುತ್ತೀರಿ. ನಿಮಗಾಗಿ ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಮೀನಿನ ಮುಳ್ಳು, ಏಡಿಯ ಕೊಂಬು ಚುಚ್ಚಿದ ಮೇಲೆ ಇದೇ ಥರ ಸಾಲು ಗಂಟು ಬಂದರೆ, ಅದು ಫಂಗಸ್ ಆಗಿರದೆ ಮೈಕೋಬ್ಯಾಕ್ಟೀರಿಯಂ ಮರಿನಮ್ ಎಂಬ ಬ್ಯಾಕ್ಟೀರಿಯಾ ಆಗಿರಬಹುದು. ಇದು ಟಿಬಿ ರೋಗಾಣುವಿನ ಸಂಬಂಧಿ. ಮೀನು ಮತ್ತು ನೀರಿನಲ್ಲಿ ಇರುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರು, ಬಂದರಿನಲ್ಲಿ ಮೀನು ಬೇರ್ಪಡಿಸುವವರು, ಮನೆಯಲ್ಲಿ ಅಕ್ವೇರಿಯಂ ತೊಳೆಯುವವರು, ಯಾರಿಗಾದರೂ ಬರಬಹುದು. ನೋಡಲು ಎರಡೂ ಒಂದೇ ಥರ. ಔಷಧ ಮಾತ್ರ ಬೇರೆ ಬೇರೆ. ಇದಕ್ಕೆ ಕ್ಲಾರಿಥ್ರೋಮೈಸಿನ್, ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಥರದ ಔಷಧಗಳು ತಿಂಗಳುಗಟ್ಟಲೆ ಬೇಕು. ಮತ್ತೂ ಒಂದು ಸೂಕ್ಷ್ಮ ಇದೆ. ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 30-32 ಡಿಗ್ರಿಯಲ್ಲಿ. ಟಿಬಿ ಕಲ್ಚರನ್ನು ಇಡುವುದು 37ರಲ್ಲಿ. ಮೀನು ಚುಚ್ಚಿದ ವಿಷಯ ಲ್ಯಾಬಿಗೆ ಗೊತ್ತಾಗದಿದ್ದರೆ ರೋಗಾಣು ಇದ್ದೂ ‘ಬೆಳೆಯಲಿಲ್ಲ’ ಎಂಬ ವರದಿ ಬರಬಹುದು. ಅದಕ್ಕೇ ಏನು ಚುಚ್ಚಿತು, ಎಲ್ಲಿ ಚುಚ್ಚಿತು, ಏನು ಕೆಲಸ ಮಾಡುತ್ತೀರಿ ಎಂಬುದನ್ನು ಚೀಟಿಯ ಮೇಲೆ ಬರೆಸಿ ಕಳಿಸಬೇಕು.

ಈಗ ‘ಇದು ನಮ್ಮ ಕಡೆಯ ಕಾಯಿಲೆಯೇ’ ಎಂಬ ನಿಮ್ಮ ಪ್ರಶ್ನೆ. ಸ್ಪೋರೋಟ್ರೈಕೋಸಿಸ್‌ನ್ನು ಮೊದಲು ವಿವರಿಸಿದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ, 1898ರಲ್ಲಿ, ಬೆಂಜಮಿನ್ ಶೆಂಕ್. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ 1940ರ ದಶಕದ ಮೊದಲ ವರ್ಷಗಳಲ್ಲಿ ಸುಮಾರು 3000 ಕಾರ್ಮಿಕರಿಗೆ ಇದು ತಗುಲಿತ್ತು. ಸುರಂಗಕ್ಕೆ ಆಧಾರವಾಗಿ ನಿಲ್ಲಿಸಿದ್ದ ಮರದ ಕಂಬಗಳಲ್ಲಿ ಫಂಗಸ್ ಬೆಳೆದಿತ್ತು. ಕಂಬಗಳಿಗೆ ಫಂಗಸ್‌ನಾಶಕ ಹೊಡೆದ ಮೇಲೆ ಹಾವಳಿ ನಿಂತಿತು. ತೇವ, ಬೆಚ್ಚನೆಯ ಗಾಳಿ, ಮರ, ಗೀರಿದ ಚರ್ಮ. ಇಷ್ಟಿದ್ದರೆ ಸಾಕು ಎಂದು ಆ ಘಟನೆ ತೋರಿಸುತ್ತದೆ.

ಭಾರತದಲ್ಲಿ ಇದರ ಮುಖ್ಯ ನೆಲೆ ಹಿಮಾಲಯದ ತಪ್ಪಲು. ಹಿಮಾಚಲ ಪ್ರದೇಶದಿಂದ ಅಸ್ಸಾಂವರೆಗಿನ ಪಟ್ಟಿ, ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಪ್ರಭೇದ ಸ್ಪೋರೋಥ್ರಿಕ್ಸ್ ಗ್ಲೋಬೋಸಾ. ಆದರೆ ದಕ್ಷಿಣದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಉತ್ತರ ಕರ್ನಾಟಕದಿಂದಲೂ ಪ್ರಕರಣಗಳು ವರದಿಯಾಗಿವೆ.

ಕೆಲಸದವರ ಪಾದದ ಬಗ್ಗೆ ಬರೆದಿದ್ದೀರಲ್ಲ, ಅದು ಇನ್ನೂ ಹೆಚ್ಚು ನಮ್ಮ ಕಡೆಯದು. ಏಳೆಂಟು ವರ್ಷದಿಂದ ಒಂದೇ ಪಾದದಲ್ಲಿ ನಿಧಾನವಾಗಿ ಬೆಳೆಯುತ್ತಿರುವ ನರುಲಿ ರೂಪದ ಗಡ್ಡೆ ಎಂದರೆ ಕ್ರೋಮೋಬ್ಲಾಸ್ಟೋಮೈಕೋಸಿಸ್ ಇರಬಹುದೆಂದು ನನ್ನ ಅನುಮಾನ. ಇದೂ ಮುಳ್ಳಿನಿಂದಲೇ ಒಳಗೆ ಹೋಗುವ ಫಂಗಸ್. ಬಣ್ಣ ಕಂದು. ಬರಿಗಾಲಲ್ಲಿ ಹೊಲ ತೋಟದಲ್ಲಿ ದುಡಿಯುವ ಗಂಡಸರಲ್ಲಿ ಜಾಸ್ತಿ. ಜಗತ್ತಿನಲ್ಲಿ ಮಡಗಾಸ್ಕರ್ ಮತ್ತು ಬ್ರೆಜಿಲ್ ಇದರ ದೊಡ್ಡ ನೆಲೆಗಳು. ಭಾರತದಲ್ಲಿ ಮೊದಲ ಪ್ರಕರಣ ವರದಿಯಾದದ್ದು 1957ರಲ್ಲಿ, ಅಸ್ಸಾಂನಿಂದ. ಆಮೇಲೆ ಹಿಮಾಲಯದ ತಪ್ಪಲು ಮತ್ತು ಎರಡೂ ಕರಾವಳಿಗಳಿಂದ, ಅದರಲ್ಲೂ ಮಳೆ ಜಾಸ್ತಿ ಇರುವ ಪಶ್ಚಿಮ ಕರಾವಳಿಯಿಂದ, ವರದಿಗಳು ಬರುತ್ತಲೇ ಇವೆ. 2016ರವರೆಗೆ ದೇಶದಲ್ಲಿ ಪ್ರಕಟವಾದ ಪ್ರಕರಣಗಳನ್ನು ಒಟ್ಟುಗೂಡಿಸಿದಾಗ ಸಿಕ್ಕಿದ್ದು 169. ಇಷ್ಟು ದೊಡ್ಡ ದೇಶಕ್ಕೆ ಇದು ತೀರಾ ಸಣ್ಣ ಸಂಖ್ಯೆ. ಪ್ರಕಟವಾಗುವುದು ಬಯಾಪ್ಸಿ, ಕಲ್ಚರ್ ಎರಡೂ ಆಗುವ ದೊಡ್ಡ ಆಸ್ಪತ್ರೆ ತಲುಪಿದವರ ಕಥೆ ಮಾತ್ರ. ‘ಯಾವುದೋ ನರುಲಿ, ಹೋಗಲಿ ಬಿಡಿ’ ಎಂದು ಮನೆಯಲ್ಲೇ ಉಳಿದವರು ಆ ಲೆಕ್ಕದಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೃಷಿ ನೋಡಿದರೆ ಈ ಎರಡೂ ಸೋಂಕಿಗೆ ಬೇಕಾದ ಎಲ್ಲವೂ ಇದೆ. ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು ಕಡಿದು ತರುತ್ತೇವೆ. ದರಕು ಗುಡಿಸಿ ಕೊಟ್ಟಿಗೆಗೆ ಹಾಸುತ್ತೇವೆ. ಅದೇ ಗೊಬ್ಬರವಾಗಿ ಮತ್ತೆ ಅಡಿಕೆ ಬುಡಕ್ಕೆ ಹೋಗುತ್ತದೆ. ಕವಳಿ, ಸೀಗೆ, ಬಿದಿರಿನ ಮುಳ್ಳು ದಿನವೂ ಕೈಗೆ ಸಿಗುವಂಥವು. ಜೊತೆಗೆ ತಿಂಗಳುಗಟ್ಟಲೆ ಬಿಡದ ಮಳೆ. ಪಕ್ಕದ ಬಯಲುಸೀಮೆಯ ಕಥೆ ಬೇರೆ. ಒಣ ಪ್ರದೇಶದಲ್ಲಿ ಹೆಚ್ಚು ಕಾಣುವುದು ಮೈಸಿಟೋಮಾ. ಪಾದ ಊದಿ, ಹಲವು ತೂತುಗಳಿಂದ ಕಾಳು ಕಾಳಾಗಿ ಸೋರುವ ಕಾಯಿಲೆ ಅದು. 1842ರಲ್ಲಿ ಮಧುರೈನಲ್ಲಿ ಗುರುತಿಸಿದ್ದಕ್ಕೆ ಮಧುರಾ ಪಾದ ಅಂತಲೂ ಕರೆಯುತ್ತಾರೆ. ಘಟ್ಟದ ಕೆಲಸಗಾರನ ಪಾದದಲ್ಲಿ ಒಣ ನರುಲಿ ಗಡ್ಡೆ ಕಂಡಾಗ ನಾನು ಮೊದಲು ಯೋಚಿಸುವುದು ಮೈಸಿಟೋಮಾ ಅಲ್ಲ, ಕ್ರೋಮೋ.

ಕ್ರೋಮೋ ಪತ್ತೆ ಮಾಡುವುದು ಸ್ಪೋರೋಟ್ರೈಕೋಸಿಸ್‌ಗಿಂತ ಸುಲಭ. ಗಡ್ಡೆಯ ಮೇಲ್ಮೈಯನ್ನು ಗಮನಿಸಿದರೆ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ಶರೀರ ಫಂಗಸ್‌ನ್ನು ಹೊರಗೆ ದಬ್ಬುವ ಜಾಗ ಅದು. ಸರಿಯಾಗಿ ಅಲ್ಲಿಂದಲೇ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಪ್ಪ ಗೋಡೆಯ, ಒಳಗೆ ಅಡ್ಡಗೆರೆ ಇರುವ ಕಂದು ಕೋಶಗಳು ಸಿಗುತ್ತವೆ. ಅವು ಕಂಡರೆ ರೋಗ ಖಚಿತ. ಖರ್ಚು ಅತಿ ಕಡಿಮೆ, ಅದೇ ದಿನ ಉತ್ತರ. ಬಯಾಪ್ಸಿಯಲ್ಲಿ ಸಹ ಇವು ಸಾಮಾನ್ಯ ಬಣ್ಣದಲ್ಲೇ ಕಾಣುತ್ತವೆ. ಕಲ್ಚರ್ ಮಾತ್ರ ನಿಧಾನ, ನಾಲ್ಕರಿಂದ ಆರು ವಾರ ಬೇಕು. ಫೊನ್ಸೆಕಿಯಾ ಪೆಡ್ರೋಸೋಯ್ ಎಂಬುದು ನಮ್ಮಲ್ಲಿ ಹೆಚ್ಚು ಸಿಗುವ ಪ್ರಭೇದ.

ಚಿಕಿತ್ಸೆಗೆ ಬರೋಣ. ನಿಮ್ಮ ತಂದೆಯವರಿಗೆ ಸ್ಪೋರೋಟ್ರೈಕೋಸಿಸ್ ಎಂದು ಖಚಿತವಾದರೆ ಮೊದಲ ಔಷಧ ಇಟ್ರಕೊನಜೋಲ್. ಸಾಮಾನ್ಯವಾಗಿ ದಿನಕ್ಕೆ 100ರಿಂದ 200 ಮಿಲಿಗ್ರಾಂ, ಮೂರರಿಂದ ಆರು ತಿಂಗಳು. ಹುಣ್ಣು ಪೂರ್ತಿ ಮಾಯ್ದ ಮೇಲೂ ಎರಡರಿಂದ ನಾಲ್ಕು ವಾರ ಮುಂದುವರಿಸಬೇಕು. ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಆದರೆ ಈ ಔಷಧ ಬೇಕಾಬಿಟ್ಟಿ ನುಂಗುವಂಥದ್ದಲ್ಲ. ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟ ಮಾಡಿದ ತಕ್ಷಣ ತೆಗೆದುಕೊಳ್ಳಬೇಕು. ಬರಿ ಹೊಟ್ಟೆಯಲ್ಲಿ ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಜೊತೆಗಿದ್ದರೂ ಹಾಗೇ. ನಮ್ಮಲ್ಲಿ ಬೆಳಿಗ್ಗೆ ಎದ್ದು ಗ್ಯಾಸ್ಟ್ರಿಕ್ ಮಾತ್ರೆ ನುಂಗದವರೇ ಕಡಿಮೆ, ಅಲ್ವಾ? ‘ಔಷಧ ನಾಟಲಿಲ್ಲ’ ಎನ್ನುವ ಎಷ್ಟೋ ಸಂದರ್ಭದಲ್ಲಿ ಕಾರಣ ಇದೇ.

ಹೃದಯ ದುರ್ಬಲವಾಗಿರುವವರಿಗೆ ಇಟ್ರಕೊನಜೋಲ್ ಸರಿಯಲ್ಲ. ಕೊಲೆಸ್ಟ್ರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್ ಜೊತೆ ಕೂಡದು. ರಕ್ತ ತೆಳು ಮಾಡುವ ವಾರ್ಫರಿನ್ ಪರಿಣಾಮವನ್ನು ಏರಿಸುತ್ತದೆ. ನಿಮ್ಮ ತಂದೆಯವರು ಸಕ್ಕರೆ ಕಾಯಿಲೆಯವರಾದ್ದರಿಂದ ಕೊಲೆಸ್ಟ್ರಾಲ್ ಮಾತ್ರೆಯೂ ಇರುವ ಸಾಧ್ಯತೆ ಇದೆ. ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಇಡಿ. ಶುರುವಿಗೆ ಮೊದಲು, ಆಮೇಲೆ ನಡುನಡುವೆ, ಲಿವರ್ ಪರೀಕ್ಷೆ ಬೇಕು. ಕಾಲು ಊದಿದರೆ, ಏದುಸಿರು ಬಂದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಹೋಗಿ. ಸಕ್ಕರೆ ಹತೋಟಿಯಲ್ಲಿರಲಿ. ಅದು ಏರಿದಷ್ಟೂ ಸೋಂಕು ಹರಡುವುದು ಸುಲಭ.

ಇನ್ನೊಂದು ಔಷಧ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ. ನೂರು ವರ್ಷಕ್ಕೂ ಹಳೆಯದು, ಅಗ್ಗ, ಚರ್ಮದ ಸ್ಪೋರೋಟ್ರೈಕೋಸಿಸ್‌ಗೆ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಐದು ಹನಿಯಂತೆ ದಿನಕ್ಕೆ ಮೂರು ಸಲ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಹಾಲಿನಲ್ಲೋ ಹಣ್ಣಿನ ರಸದಲ್ಲೋ ಬೆರೆಸಿ ಕುಡಿಯಬೇಕು. ಬಾಯಲ್ಲಿ ಲೋಹದ ರುಚಿ, ಮುಖದ ಮೇಲೆ ಮೊಡವೆ, ಕೆನ್ನೆಯ ಬಳಿ ಜೊಲ್ಲುಗ್ರಂಥಿಯ ಊತ ಬರಬಹುದು. ಥೈರಾಯ್ಡ್ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ ಇದು ಬೇಡ. ಇಟ್ರಕೊನಜೋಲ್‌ನ ಖರ್ಚು ಕಷ್ಟವಾದರೆ ಇದರ ಬಗ್ಗೆ ಧೈರ್ಯವಾಗಿ ಕೇಳಿ. ಹಳೆಯ ಔಷಧ ಎಂದು ಕೀಳಾಗಿ ನೋಡಬೇಕಾಗಿಲ್ಲ.

ಕ್ರೋಮೋ ಮಾತ್ರ ಹಟಮಾರಿ. ಸಣ್ಣದಿದ್ದಾಗ ಪೂರ್ತಿ ಕತ್ತರಿಸಿ ತೆಗೆಯಬಹುದು. ಹರಡಿದ ಮೇಲೆ ಇಟ್ರಕೊನಜೋಲ್ ದಿನಕ್ಕೆ 200ರಿಂದ 400 ಮಿಲಿಗ್ರಾಂ, ಅಥವಾ ಟೆರ್ಬಿನಾಫಿನ್, ಕೆಲವೊಮ್ಮೆ ಎರಡೂ ಸೇರಿಸಿ, ಆರು ತಿಂಗಳಿಂದ ವರ್ಷದವರೆಗೆ, ಕೆಲವರಿಗೆ ಅದಕ್ಕೂ ಹೆಚ್ಚು. ಜೊತೆಗೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಕ್ರಯೋಥೆರಪಿ. ಮಧ್ಯದಲ್ಲಿ ಬಿಟ್ಟರೆ ಮರಳಿ ಬರುತ್ತದೆ.

ಕೊಳೆರೋಗಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಡಿಕೆಯ ಕೊಳೆ ತರುವುದು ಫೈಟಾಫ್ಥೊರಾ ಎಂಬ ಸಸ್ಯರೋಗಾಣು. ಅದು ಮನುಷ್ಯರಿಗೆ ತಗುಲುವುದಿಲ್ಲ. ಹಾಗಾಗಿ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನು ಹುಣ್ಣಿಗೆ ಹಚ್ಚುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಗೇರೆಣ್ಣೆ ಹಚ್ಚುವುದು, ಬರೆ ಹಾಕುವುದು ಕೂಡ ಬೇಡ. ಚರ್ಮ ಸುಟ್ಟು, ಇರುವ ಹುಣ್ಣಿನ ಮೇಲೆ ಇನ್ನೊಂದು ಹುಣ್ಣಾಗುತ್ತದೆ, ಬಯಾಪ್ಸಿಯ ಚಿತ್ರವೂ ಕೆಡುತ್ತದೆ. ಸ್ಟೆರಾಯ್ಡ್ ಬೆರೆತ ಮುಲಾಮುಗಳೂ ಬೇಡ. ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಫಂಗಸ್ ಬೆಳೆಯುತ್ತದೆ.

ಮಕ್ಕಳ ಬಗ್ಗೆ ಹೆದರಬೇಡಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಎಂದೇ ತಿಳಿಯಿರಿ. ತಟ್ಟೆ, ಹಾಸಿಗೆ ಬೇರೆ ಮಾಡುವ ಅಗತ್ಯ ಇಲ್ಲ. ಹುಣ್ಣು ಸೋರುತ್ತಿದ್ದರೆ ಸ್ವಚ್ಛ ಬಟ್ಟೆ ಕಟ್ಟಿದರೆ ಸಾಕು. ಬ್ರೆಜಿಲ್‌ನಲ್ಲಿ ಬೆಕ್ಕಿನಿಂದ ಹರಡುವುದು ದೊಡ್ಡ ಸಮಸ್ಯೆಯಾಗಿದೆ, ಆದರೆ ಅಲ್ಲಿಯ ಪ್ರಭೇದವೇ ಬೇರೆ. ತೋಟದಲ್ಲಿ ಗಮ್ ಬೂಟು ಹಾಕಿಕೊಳ್ಳಿ. ಸೊಪ್ಪು ಕಡಿಯುವಾಗ ಕೈಗವಸು ಹಾಕುವುದು ಎಲ್ಲರಿಗೂ ಒಗ್ಗುವುದಿಲ್ಲ ಎಂದು ಗೊತ್ತು. ಕನಿಷ್ಠ ಮುಳ್ಳನ್ನು ಅದೇ ಸಂಜೆ ತೆಗೆದು ಸೋಪಿನಲ್ಲಿ ತೊಳೆಯಿರಿ.

ಎಲ್ಲಿಗೆ ಹೋಗಬೇಕು? ಸಿರ್ಸಿ, ಸಿದ್ದಾಪುರದವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕರಾವಳಿಯವರು ಕಾರವಾರದ ವೈದ್ಯಕೀಯ ಕಾಲೇಜು, ಗೋವಾದ ಬಾಂಬೋಳಿ, ಮಣಿಪಾಲ, ಯಾವುದು ಹತ್ತಿರವೋ ಅಲ್ಲಿಗೆ ಹೋಗಬಹುದು. ಚರ್ಮರೋಗ ವಿಭಾಗ ಮತ್ತು ಮೈಕ್ರೋಬಯಾಲಜಿ ವಿಭಾಗ ಎರಡೂ ಒಂದೇ ಆವರಣದಲ್ಲಿ ಇರಬೇಕು ಎನ್ನುವುದಷ್ಟೇ ಮುಖ್ಯ. ಹೊರಡುವ ಮೊದಲು ಫಂಗಸ್ ಕಲ್ಚರ್ ಮಾಡುತ್ತಾರಾ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಬೆಳೆದ ಫಂಗಸ್ ಯಾವ ಪ್ರಭೇದ ಎಂದು ತಿಳಿಯದಿದ್ದರೆ ಲ್ಯಾಬಿನವರು ಅದನ್ನು ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಗೆ ಕಳಿಸಬಹುದು. ರೋಗಕಾರಕ ಫಂಗಸ್‌ಗಳ ರಾಷ್ಟ್ರೀಯ ಸಂಗ್ರಹ ಅಲ್ಲಿದೆ.

ಕೆಲಸದವರನ್ನೂ ಅದೇ ದಿನ, ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ. ನೋವಿಲ್ಲ, ನಡೆಯಲು ಆಗುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ ಎಂದು ಅವರು ಬೇಡ ಅನ್ನಬಹುದು. ಆ ದಿನದ ಕೂಲಿ ನೀವೇ ಕೊಡಿ. ವರ್ಷಗಟ್ಟಲೆ ಉಳಿದ ಕ್ರೋಮೋ ಗಡ್ಡೆಯಲ್ಲಿ ಕ್ಯಾನ್ಸರ್ ಹುಟ್ಟುವುದುಂಟು, ದುಗ್ಧನಾಳ ಕಟ್ಟಿ ಕಾಲು ಆನೆಕಾಲಿನಂತೆ ಊದುವುದೂ ಉಂಟು. ಹಾಗಾಗಿ ಅವರ ಪಾದದಿಂದ ಬರೀ ಕೆರೆದು ನೋಡಿದರೆ ಸಾಲದು. ಇತ್ತೀಚೆಗೆ ಬೇಗ ಬೆಳೆದ, ರಕ್ತ ಒಸರುವ ಅಥವಾ ವಾಸನೆ ಬರುವ ಜಾಗ ಇದ್ದರೆ ಅಲ್ಲಿಂದ ಪ್ರತ್ಯೇಕ ಬಯಾಪ್ಸಿ ತೆಗೆಯಲು ವೈದ್ಯರಿಗೆ ಹೇಳಿ.